ತುಟಿ ಐವಿಯದು

ಲೀಡ್ಸಿನಿಂದ ಬೆಳಗಿನ ರೈಲು ಹಿಡಿದು
ಗ್ರಿಮ್ಸ್‌ಬಿಗೆ ಬಂದಿದ್ದಾರೆ ಇಬ್ಬರು:
ಫಿಲಿಪಾ ಗಾರ್ತ್‌ವೇಟ್, ಅವಳ ಜೊತೆ ಗ್ವಿಲಿಮ್.
ಚೀಲದಲ್ಲಿ ರೆಕಾರ್ಡರು, ಒಪ್ಪಿಗೆ ಪತ್ರ,
ಮೂರು ವರ್ಷದ ಅನುದಾನದಲ್ಲಿ ಉಳಿದ ಏಳು ತಿಂಗಳು.

ಅವರ ಬಳಿ ಇರುವುದು ನಲವತ್ತೊಂಬತ್ತು ಸೆಕೆಂಡು.
ಎಪ್ಪತ್ತಮೂರರ ಒಂದು ಟೀವಿ ನಾಟಕ,
ಮೀನು ಸೀಳುವ ಹೆಂಗಸರ ಸಾಲು,
ಎಡದಿಂದ ಮೂರನೆಯವಳು ಚಾಕು ಎತ್ತಿ
ಒಂದೇ ಒಂದು ಮಾತು ಆಡುತ್ತಾಳೆ.
ತುಟಿ ಐವಿ ಬ್ಲಾಂಚರ್ಡಳದು.
ದನಿ ಲಂಡನ್ನಿನ ಯಾವಳೋ ನಟಿಯದು,
ಈ ದಡದ ಮಾತನ್ನು ಊಹಿಸಿಕೊಂಡು ಆಡಿದ್ದು.

‘ದನಿಗಳವು’ ಎಂದು ಬರೆದಿದ್ದಾಳೆ ಫಿಲಿಪಾ
ಮೂರನೇ ಅಧ್ಯಾಯದ ಅಂಚಿನಲ್ಲಿ, ಕೆಳಗೆ ಎರಡು ಗೆರೆ ಎಳೆದು.

ಐವಿಗೀಗ ಎಂಬತ್ತೆಂಟು. ಟೀ ಕೊಟ್ಟಳು, ಬಿಸ್ಕತ್ತು ಕೊಟ್ಟಳು,
ಲ್ಯಾಪ್‌ಟಾಪಿನಲ್ಲಿ ತನ್ನನ್ನು ತಾನೇ ನೋಡಿ
ಮೊದಲು ಮಾತೆತ್ತಿದ್ದು ಏಪ್ರನ್ನಿನದು:
“ಇದು ನಂದಲ್ಲವಾ, ಅವರs ತಂದಿದ್ರು.
ನಮ್ಮದು ಇಷ್ಟು ಬೆಳ್ಳಗ ಎಲ್ಲಿರತಿತ್ತು?”

ಕೋಪ ಬರಲಿಲ್ಲವೇ ಎಂದು ಕೇಳಿದಳು ಫಿಲಿಪಾ,
ಹುಟ್ಟೂರಿನ ಉಚ್ಚಾರವನ್ನೆಲ್ಲ ತೊಳೆದು
ಒಣಹಾಕಿದ ಇಂಗ್ಲಿಷಿನಲ್ಲಿ.

“ಯಾಕ ಬರಬೇಕವಾ? ಅವತ್ತ ರಾತ್ರಿ ಓಣಿ ಮಂದಿಯೆಲ್ಲ
ನಮ್ಮನ್ಯಾಗ ಕುಂತು ನೋಡಿದ್ರು. ಭಾಳ ಚಂದ ಮಾತಾಡೀದಿ ಅಂದ್ರು.
ಅದು ನನ್ನ ದನಿ ಅಲ್ಲಂತ ನಮ್ಮವ್ವಗ ಸೈತ ತಿಳೀಲಿಲ್ಲ.
ಆಮ್ಯಾಲ ಒಂದು ತಿಂಗಳು ನಾನೂ ಹಂಗs ಮಾತಾಡಿದೆ,
ಅಂಗಡ್ಯಾಗ, ಚರ್ಚಿನ್ಯಾಗ, ಗಂಡನ ಜೋಡಿ ಜಗಳದಾಗ.
ಹುಡುಗ್ಯಾರು ನನ್ನ ನೋಡಿ ಕಲತ್ರು.
ಈಗ ನೀವು ಹುಡುಕ್ಕೋತ ಬಂದೀರಲ್ಲ, ಈ ಊರ ಮಾತು,
ಅದರಾಗ ನಮ್ಮದೆಷ್ಟು, ಆಕೀದೆಷ್ಟು, ಯಾರು ಸೋಸ್ಯಾರು?”

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.
ಗ್ವಿಲಿಮ್ ನಕ್ಕುಬಿಟ್ಟ. ಅವನ ವೇಲ್ಸಿನ ಕಣಿವೆಯವರು
ತೆರೆಯ ಮೇಲೆ ಗಣಿಯಿಂದ ಹಾಡುತ್ತಲೇ ಮೇಲೆ ಬರುವವರು.
ಅವನಪ್ಪನಿಗೆ ರಾಗವೇ ಹತ್ತುತ್ತಿರಲಿಲ್ಲ.
ಆದರೂ ಮದುವೆ ಮದುವೆಯಲ್ಲೂ ಎದ್ದು ನಿಂತು ಹಾಡುತ್ತಿದ್ದ,
ಪರಊರವರು ಕಾದು ಕೂತಿರುತ್ತಾರೆಂದು.

ವಾಪಸು ರೈಲು ಡಾನ್‌ಕಾಸ್ಟರಿನಲ್ಲಿ ನಿಂತೇ ನಿಂತಿತು.
ಫಿಲಿಪಾ ಅಂಚಿನ ಪದವನ್ನು ಹೊಡೆದುಹಾಕಿದಳು,
ಮತ್ತೆ ಬರೆದಳು, ಪಕ್ಕಕ್ಕೊಂದು ಪ್ರಶ್ನೆಯ ಕೊಕ್ಕೆ ಹಾಕಿದಳು.
ಬೆರಳಿಗೆ ಮೀನಿನ ವಾಸನೆ ಅಂಟಿದೆ ಅನಿಸಿ
ಮೂಸಿ ನೋಡಿದಳು.
ಬಿಸ್ಕತ್ತಿನ ಬೆಣ್ಣೆ.