ಮೊದಲ ಕಂತಿನ ಹೆಣ

ಒಂಬತ್ತು ವರ್ಷದ ಹಿಂದೆ ನನ್ನನ್ನು ಕೊಂದರು.
ಗಾಜನೂರಿನ ಹಿನ್ನೀರಿನಲ್ಲಿ, ಬೆಳಿಗ್ಗೆ ಆರೂವರೆಗೆ,
ಎಂಟುನೂರು ರೂಪಾಯಿ, ಇಡ್ಲಿ ಅವರದೇ.
ಕಣ್ಣು ಬಿಟ್ಟುಕೊಂಡೇ ಸತ್ತಿರಬೇಕು ಅಂದರು.
ರೆಪ್ಪೆ ಬಡಿಯದೆ ನಲವತ್ತು ಎಣಿಸಿದೆ.
ಮೂಗಿನ ಮೇಲೆ ಕೂತ ನೊಣ ಟೀವಿಯಲ್ಲೂ ಬಂತು.

ಸೀಸನ್ನು ಮುಗಿಯುವಷ್ಟರಲ್ಲಿ ಕೊಂದವರು ಸಿಗುತ್ತಾರೆ
ಅಂದುಕೊಂಡಿದ್ದೆವು. ಸಿಕ್ಕವನು ಬರೀ ನನ್ನ ವಾಚು ಕದ್ದವನು.
ಎರಡರಲ್ಲಿ ಇನ್ಸ್‌ಪೆಕ್ಟರಿಗೆ ವರ್ಗವಾಯಿತು.
ಮೂರರಲ್ಲಿ ಹೊಸಬ ಬಂದು ಕಡತದ ಧೂಳು ಊದಿದ,
ಒಳಗೆ ನಾನು, ಹಾರ ಹಾಕಿಸಿಕೊಂಡು.
ಸೀಸನ್ನಿಗೊಂದು ಕೈಗಡ ತೀರಿಸುತ್ತಾರೆ,
ಬಡ್ಡಿ ಮಾತ್ರ ನನ್ನ ಲೆಕ್ಕದಲ್ಲೇ ಬೆಳೆಯುತ್ತದೆ.

ಗಾಂಧಿ ಬಜಾರಿನಲ್ಲಿ ನನ್ನದು ತಕ್ಕಡಿ ರಿಪೇರಿ.
ಮೀನಿನ ಬುಟ್ಟಿ ಇಳಿಸುತ್ತ ಮೆಹರುನ್ನೀಸಾ ಕೇಳುತ್ತಾಳೆ,
"ನಿನ್ನ ಕೊಂದೋರು ಸಿಕ್ರೇನೋ?"
"ಇಲ್ಲಕ್ಕ, ನಾಳೆ ನೋಡ್ಬೇಕು."
ನೀಲಾವತಿಗೆ ಇದೆಲ್ಲ ಆಗುವುದಿಲ್ಲ.
ಹಾರದ ಫೋಟೋ ಪರದೆಗೆ ಬಂದ ರಾತ್ರಿಯೆಲ್ಲ
ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾಳೆ, ಗ್ಯಾಸ್ ಒಲೆಯಾದರೂ.

ನನ್ನ ಕಸುಬಿನಲ್ಲಿ ಇದು ಗೊತ್ತಿರುವ ಸಂಗತಿ:
ಮುಳ್ಳು ಅಲ್ಲಾಡುವ ತನಕ
ಗಿರಾಕಿಯ ಕಣ್ಣು ಕದಲುವುದಿಲ್ಲ.
ನಿಂತಿತೋ, ಕೈ ಜೇಬಿಗೆ, ಮಾತು ಮಳೆ ಬೆಳೆಗೆ.
ಹಾಗಂತ ಸುಮ್ಮನೆ ಅಲ್ಲಾಡಿಸುತ್ತಿದ್ದರೆ
ಮೋಸ ಅಂತ ಎದ್ದು ಹೋಗುತ್ತಾರೆ.
ತಟ್ಟೆಯಲ್ಲಿ ನಿಜವಾದ ಭಾರ ಇರಬೇಕು.

ಐದರಲ್ಲಿ ಅದನ್ನು ಮರೆತರು. ಹೆಲಿಕಾಪ್ಟರ್ ತಂದರು,
ಅವಳಿ ಜವಳಿ ತಂದರು. ನಮ್ಮ ಬೀದಿ ಚಾನೆಲ್ ತಿರುಗಿಸಿತು.
ಆರರಲ್ಲಿ ಬುದ್ಧಿ ಬಂತು. ಒಂದು ಕಂತಿನಲ್ಲಿ ಏನೂ ಆಗಲಿಲ್ಲ:
ನನ್ನ ಹೆಂಡತಿ (ಪರದೆಯವಳು)
ಹೊಳೆ ಬಸ್‌ಸ್ಟಾಪಿನ ಹತ್ತಿರ
ಚಪ್ಪಲಿ ಹೊಲಿಯುವವನ ಮುಂದೆ ಹಳೇ ಚೀಟಿ ಹಿಡಿದಳು.
ಅವನು ಹುಡುಕಿ, ಒರೆಸಿ, ಒಂದು ಜೋಡಿ ಇಟ್ಟ.
ಅದು ನನ್ನ ಅಳತೆಯದಲ್ಲ.
ಅಷ್ಟೇ.
ಜಬೀವುಲ್ಲನ ಹೋಟೆಲಿನಲ್ಲಿ ಹನ್ನೆರಡು ಲೋಟ ಚಾ ಆರಿ ಹೋಯಿತು.

ಮೊನ್ನೆ ಫೋನು ಬಂತು. ಎಂಟಕ್ಕೆ ಫ್ಲ್ಯಾಶ್‌ಬ್ಯಾಕು.
"ಹುಚ್ಚರಾಯಪ್ಪನೋರೆ, ಒಂದೇ ಶಾಟು. ಹಿಂದಿನಿಂದ ಯಾರೋ ಕರೀತಾರೆ,
ನೀವು ತಿರುಗಿ ನಗಬೇಕು, ಬೇಕಾದೋರ್ನ ಕಂಡಂಗೆ."
ಸತ್ತಾಗಿನ ಪ್ರಾಯಕ್ಕೆ ಮರಳಲು
ಕೂದಲಿಗೆ ಬಣ್ಣ, ಹೊಟ್ಟೆಗೆ ಬಿಗಿ ಪಟ್ಟಿ.
ತಿರುಗಿದೆ. ಕರೆದವನು
ಕೊಡೆ ಹಿಡಿದ ಒಬ್ಬ ಹುಡುಗ, ಬಾಯಲ್ಲಿ ಬಿಸ್ಕತ್ತು.

ಅಲ್ಲಿ ನಿಜವಾಗಿ ಯಾರಿರ್ತಾರಪ್ಪ, ಕೇಳಿದೆ.
"ಇನ್ನೂ ಬರ್ದಿಲ್ಲ ಸಾರ್.
ಯಾರು ಬೇಕಾದ್ರೂ ಹೊಂದೋ ಹಂಗೆ ನಗಿ ಅಂದಿದಾರೆ."
ಎರಡನೇ ಟೇಕಿಗೆ ಎಲ್ಲರನ್ನೂ ನೆನೆದು ನಕ್ಕೆ,
ಜಬೀ, ಮೆಹರುನ್ನೀಸಾ, ವರ್ಷಕ್ಕೊಮ್ಮೆ ಬೊಟ್ಟಿನ ಕಲ್ಲಿಗೆ ಮುದ್ರೆ ಒತ್ತುವ
ಸಾಹೇಬರು, ಉಪ್ಪು ಹಿಡಿದ ನೀಲಾವತಿ.
ಬಹಳ ಚೆನ್ನಾಗಿ ಬಂತು ಅಂದರು.

ನಿನ್ನೆ ಕತ್ತಲಾದ ಮೇಲೆ ಅಂಗಡಿ ಶಟರ್ ಎಳೆಯುತ್ತಿದ್ದೆ.
ಹಿಂದಿನಿಂದ ಯಾರೋ, ಸಲಿಗೆಯಿಂದ, "ಹುಚ್ಚರಾಯಪ್ಪಾ..."
ದನಿ ಗೊತ್ತಿರುವುದೇ.
ಇನ್ನೊಮ್ಮೆ ಕರೆಯಲಿ ಅಂತ
ಬೀಗ ಹಿಡಿದುಕೊಂಡು ನಿಂತೆ.