ಒಗರು

ಬಾಟ್ಲಿಯ ಮೇಲೆ ಹೆಸರಿದೆ. ಓದುವಾಗ
ನಡುವಿನ ಹ ನುಂಗಬೇಕಂತೆ, ಕೊನೆಯ ಸ ಕೂಡ.
ಕಾಓರ್.
ತಾಟು ತೊಳೆಯುವ ಮಂಡ್ಯದ ನಿಂಗ
ಹಾಲಿಗೆ ಆಲು ಅಂದಂತೆ.

ಚಿತ್ರದುರ್ಗದ ಗುಡ್ಡಕ್ಕೆ ಗಾಳಿರೆಕ್ಕೆ ಕೂರಿಸಲು ಬಂದಿದ್ದ
ಆ ಉದ್ದ ಕಾಲಿನ ಫ್ರಾನ್ಸಿನವನು
ಭಾನುವಾರಕ್ಕೊಮ್ಮೆ ಅರವತ್ತು ಕಿಲೋಮೀಟರು ದಾಟಿ
ದಾವಣಗೆರೆಯ ನಮ್ಮ ಸಾವಜಿ ಖಾನಾವಳಿಯಲ್ಲಿ
ಖೈಮಾ ಉಂಡೆ ತಿಂದು, ಬೆವರೊರೆಸಿ,
ಇನ್ನೊಂದು ಎಂದು ಬೆರಳೆತ್ತುತ್ತಿದ್ದ.
ಹೋಗುವ ದಿನ ಕೊಟ್ಟದ್ದು ಇದು.
ಅವನೂರನ್ನು ಹೊಳೆಯೊಂದು ಹಾವಿನಂತೆ ಸುತ್ತಿ ಮಲಗಿದೆಯಂತೆ,
ಅದರ ದಂಡೆಯ ದ್ರಾಕ್ಷಿಯಂತೆ,
ಇದರ ಕೆಂಪಿಗೆ ಅಲ್ಲಿಯವರು ಕಪ್ಪು ಅನ್ನುತ್ತಾರಂತೆ.

ಎರಡು ವರ್ಷ ಅಕ್ಕಿ ಡಬ್ಬಿಯ ಹಿಂದಿತ್ತು.
ಬಿರಡೆ ತೆಗೆಯುವ ತಿರುಪು ನಮ್ಮಲ್ಲಿಲ್ಲ.
ಪಕ್ಕದ ಬಡಿಗೇರ ಮೌನೇಶಿ ಮೂರಿಂಚಿನ ಸ್ಕ್ರೂ ತಿರುವಿ,
ಇಕ್ಕಳ ಹಾಕಿ, ಹಳೇ ಬಾಗಿಲ ಮೊಳೆಯಂತೆ ಕಿತ್ತ.
ಅರ್ಧ ಕೈಗೆ ಬಂತು, ಅರ್ಧ ಒಳಗೆ ತೇಲಿತು.
ಚಹಾ ಸೋಸುವ ಜಾಲರಿಯಲ್ಲೇ ಸೋಸಿದೆ.
ತಪ್ಪೇ ಇರಬೇಕು. ಯಾರು ನೋಡಿದರು.

ಮೊದಲ ಗುಟುಕಿಗೆ ನಾಲಗೆ ಮುದುಡಿ ಹಿಂದೆ ಸರಿಯಿತು,
ಎಳೆ ಬಾಳೆಕಾಯಿ ಕಚ್ಚಿದಂತೆ.
ಕೆಟ್ಟು ಹೋಗೇತಿ, ಚೆಲ್ಲಕ್ಕಾ, ಅಂದ ಮೌನೇಶಿ.

ಮಂಡಕ್ಕಿ ಮಿರ್ಚಿ ತರಿಸಿದೆ. ಮಿರ್ಚಿಯೂ ಇದೂ
ಜುಟ್ಟು ಹಿಡಿದ ಓರಗಿತ್ತಿಯರು, ಬಾಯೆಲ್ಲ ಕಿಚ್ಚು.
ಬೆಣ್ಣೆ ದೋಸೆಯಲ್ಲಿ ಬೆಣ್ಣೆಯೇನೋ ಒಪ್ಪಿತು,
ಹುಳಿ ಒಪ್ಪಲಿಲ್ಲ, ಆಲೂ ಪಲ್ಯ ಮಾತೇ ಆಡಲಿಲ್ಲ.
ಶೇಂಗಾ ಹೋಳಿಗೆಯ ಎದುರು
ಬರೀ ಹುಣಸೆ ನೀರಾಯಿತು.

ಅವನು ಬರೆದಿಟ್ಟ ಪಟ್ಟಿಯಲ್ಲಿ
ತನ್ನದೇ ಕೊಬ್ಬಿನಲ್ಲಿ ಬೆಂದ ಬಾತುಕೋಳಿ, ಕುರಿ ತೊಡೆ,
ಆಕ್ರೋಟು, ನೀಲಿ ಬೂಷ್ಟು ಹಿಡಿದ ಚೀಜು.
ಬಾತು ಕುಂದುವಾಡ ಕೆರೆಯಲ್ಲಿ ಈಜಲಿ.
ಬೂಷ್ಟು ಬಂದದ್ದನ್ನು ನಮ್ಮತ್ತೆ ಬೀದಿಗೆಸೆಯುತ್ತಿದ್ದಳು.
ಕುರಿ ಇದೆ.

ಖಾರವಿಲ್ಲದೆ ಒಗ್ಗರಣೆಯನ್ನೂ ಹಾಕದ ಕೈ ಇದು.
ಆದರೂ ಖಾನಾವಳಿಗೆ ರಜೆ ಕೊಟ್ಟು,
ಚಳ್ಳಕೆರೆ ಕಡೆಯ ಕುರಿ, ಎಲುಬಿಗಂಟಿದ್ದು,
ಉಪ್ಪು, ಕರಿಮೆಣಸು, ಬೆಳ್ಳುಳ್ಳಿ, ಅಷ್ಟೇ,
ಅದರದೇ ಜಿಡ್ಡಿನಲ್ಲಿ, ಸಣ್ಣ ಉರಿಯಲ್ಲಿ, ಸಂಜೆತನಕ.
ಪಕ್ಕಕ್ಕೆ ಎಣ್ಣೆಗಾಯಿ, ಎರಡು ಜೋಳದ ರೊಟ್ಟಿ.

ತಿಂದು ಗುಟುಕರಿಸಿದೆ.
ಜಿಡ್ಡು ಹೋಯಿತು. ಒಗರೂ ಹೋಯಿತು.
ಎರಡೂ ಹೋದ ಜಾಗದಲ್ಲಿ ನೇರಳೆ, ಸುಟ್ಟ ಮಣ್ಣು,
ಎಷ್ಟೋ ದಿನಕ್ಕೆ ತೆಗೆದ ಟ್ರಂಕಿನ ವಾಸನೆ.

ಅಜ್ಜ ತುಳಜನಸಾ ನೂಲಿಗೆ ಬಣ್ಣ ಹಾಕುತ್ತಿದ್ದ,
ಮೊಣಕೈತನಕ ನೀಲಿ.
ಬಣ್ಣದ ಹಂಡೆಗೆ ಮುಂಚೆ ಲಡಿಗಳನ್ನೆಲ್ಲ
ಅಳಲೆಕಾಯಿ ನೀರಲ್ಲಿ ಅದ್ದುತ್ತಿದ್ದ.
ಇದ್ಯಾಕಜ್ಜಾ, ಇದರಾಗೆ ಬಣ್ಣನೇ ಇಲ್ಲ?
ತೊಯ್ದ ಬೆರಳು ನನ್ನ ನಾಲಗೆಗೊತ್ತಿದ.
ನಾನು ಮುಖ ಕಿವುಚಿದೆ, ಅವನು ನಕ್ಕ:
ಇದು ಹಿಡ್ಕಂತೈತಿ ಮಗಾ.
ಒಗರು ಕುಡೀದಿರೋ ನೂಲು
ಮೊದಲ್ನೇ ಒಗೆತಕ್ಕೇ ಎಲ್ಲಾ ಮರೀತೈತಿ.

ಮೌನೇಶಿ ಮೂರನೇ ಗ್ಲಾಸಿಗೆ ಚೆಲ್ಲು ಅನ್ನುವುದು ಬಿಟ್ಟಿದ್ದ.
ತಾಟಿಗೆ ಎಲುಬು ಕುಟ್ಟಿ ಕುಟ್ಟಿ ಮಜ್ಜೆ ಹೀರುತ್ತಿದ್ದ.

ಮೇಜಿನ ಬಿಳಿ ಬಟ್ಟೆಗೆ ಒಂದು ಹನಿ ಬಿದ್ದಿತ್ತು.
ಸೋಪು, ಲಿಂಬೆ, ಸೀಮೆಎಣ್ಣೆ, ಎಲ್ಲ ಆಯಿತು.
ಈಗದು ನೀಲಿ.
ಏನಕ್ಕಾ ಕಲೆ, ಅನ್ನುತ್ತಾರೆ ಗಿರಾಕಿಗಳು.
ಉಪ್ಪಿನ ಬಟ್ಟಲು ತಂದು ಅದರ ಮೇಲಿಡುತ್ತೇನೆ,
ಅವರು ಕೈ ತೊಳೆಯಲು ಎದ್ದಾಗ
ಪಕ್ಕಕ್ಕೆ ಸರಿಸುತ್ತೇನೆ.