ಚುಕ್ಕೆಗಳ ತೂಕ

ಎಪ್ಪತ್ತೆರಡು ಅಡಿಯ ಪರ್ಸೀನ್ ಬೋಟು
ಕಂಪ್ಯೂಟರಿನೊಳಗೆ ನೀರಿಲ್ಲದೆ ತೇಲುತ್ತದೆ.
ಮೌಸ್ ಎಳೆದರೆ ಹೊಟ್ಟೆ ತೋರಿಸುತ್ತದೆ, ನಾಯಿಮರಿಯ ಹಾಗೆ,
ಇನ್ನೊಮ್ಮೆ ಎಳೆದರೆ ಅಣಿಯ ಎತ್ತಿ ನನ್ನನ್ನೇ ನೋಡುತ್ತದೆ.

ಪಡುಕೆರೆಯ ಯಾರ್ಡಿನ ತಗಡಿನ ಶೆಡ್ಡು.
ಹೊರಗೆ ವೆಲ್ಡಿಂಗಿನ ನೀಲಿ ಮಿಂಚು ಹೊಡೆದಾಗಲೆಲ್ಲ
ಪರದೆಯ ಕಡಲು ಒಂದು ಕ್ಷಣ ಮಾಸುತ್ತದೆ.
ರೆಂಡರ್ ಆಗಲು ರಾತ್ರಿಯಿಡೀ ಬೇಕಾಯಿತು,
ಎರಡು ಸಲ ಕರೆಂಟು ಹೋಗಿ ಮೊದಲಿಂದ ಶುರು.
ನೀರಿನ ಪಟ್ಟಿಯಲ್ಲಿ ನಲವತ್ತು ಬಗೆ:
ಈಜುಕೊಳ, ಸರೋವರ, ಹವಳದ ದ್ವೀಪದ ತಿಳಿನೀಲಿ.
ಉದ್ಯಾವರದ ಹೊಳೆ ಕಡಲಿಗೆ ಕೂಡುವಲ್ಲಿನ
ಆ ಚಾದ ಬಣ್ಣ ಯಾವುದರಲ್ಲೂ ಇಲ್ಲ.

ಧಣಿ ಲೀಲಾಧರ ತಿಂಗಳಾಯರಿಗೆ ಚಿತ್ರ ಬ್ಯಾಂಕಿಗೆ ಬೇಕು.
ಹೆಸರು ದೊಡ್ಡದಾಗಿ ಕಾಣಲಿ,
ನೋಡಿದರೆ ಮ್ಯಾನೇಜರರಿಗೆ ಹತ್ತಿ ಕೂರುವ ಅನ್ನಿಸಬೇಕು.
ಬ್ಯಾಂಕಿನವರು ಹತ್ತುವುದಿಲ್ಲ. ನಾನು ಹೇಳಲಿಲ್ಲ.

ಹೂಡೆಯ ಹಮ್ಮಬ್ಬ ಮೇಸ್ತ್ರಿ ಬಂದರು,
ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ
ಮೊದಲು ಕೇಳಿದ್ದು ಬೋಟಿನ ವಿಷಯವಲ್ಲ:
“ಇದರಲ್ಲಿ ಗಂಟೆ ಎಷ್ಟು?”
ಹಿಂದೆ ತೆಂಗಿನ ಸಾಲು; ಅಂದರೆ ಮುಖ ಪಡುವಣಕ್ಕೆ.
ನೆರಳು ಅಣಿಯದ ಮುಂದೆ ಉದ್ದಕ್ಕೆ ಬಿದ್ದಿದೆ.
“ಎಂಟು ಗಂಟೆಗೆ ಕಡಲಿಗೆ ಹೊರಟದ್ದು ಯಾರು ಮಾರಾಯ್ತಿ,
ಬಂಗುಡೆ ಎಂತ, ಆಫೀಸಿಗೆ ಹೋಗ್ತದಾ?”

ಸೂರ್ಯನನ್ನು ಹಿಡಿದು ಎಳೆದು ದಿಗಂತದ ಕೆಳಗಿಳಿಸಿದೆ.
ಬೋಟು ಕಪ್ಪಾಯಿತು. ಬ್ಯಾಂಕಿಗೆ ಕೊಡುವ ಹಾಗಿಲ್ಲ.
ಮೇಸ್ತ್ರಿಗೆ ಮಾತ್ರ ಸಮಾಧಾನ: “ಈಗ ಹೊರಟಿತು ನೋಡು.”

ಆಮೇಲೆ ಹೆಬ್ಬೆರಳು. ಗಾಜಿನ ಮೇಲೆ
ಅಣಿಯದಿಂದ ಹಿಂದಕ್ಕೆ ಮೆಲ್ಲ ಸವರುತ್ತ
ಒಂಬತ್ತನೇ ಪಕ್ಕೆಯ ಹತ್ತಿರ ನಿಂತರು.
“ಇಲ್ಲಿ ನೀರು ಎಡವುತ್ತದೆ.”
ಗಾಜು ಎಲ್ಲಿ ಮುಟ್ಟಿದರೂ ಒಂದೇ ನುಣುಪು. ನಗು ಬಂತು.
ವಕ್ರತೆಯ ಗೆರೆಗಳನ್ನು ತೆರೆದೆ, ಹಸಿರು ಬಾಚಣಿಗೆ:
ಎಂಟಕ್ಕೂ ಹತ್ತಕ್ಕೂ ನಡುವೆ ಎರಡು ಹಲ್ಲು ಗಿಡ್ಡ.
ನಗು ಹೋಯಿತು.
ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ,
ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

“ಖಾಲಿ ಬೋಟು ಯಾವಾಗಲೂ ಚಂದವೇ,” ಅಂದರು.
“ಜನ ಹಾಕು. ಬಲೆ ಎಳೆಯುವಾಗ
ಎಲ್ಲರೂ ಒಂದೇ ಬದಿಗೆ. ಮೂವತ್ತು ಜನ.”
ಚುಕ್ಕೆಗೆ ಅರವತ್ತು ಕಿಲೋದಂತೆ
ಎಡಬದಿಯ ಅಂಚಿಗೆ ಪೋಣಿಸಿದೆ.
ಪ್ರತಿ ಚುಕ್ಕೆಯ ಪಕ್ಕ ಹೆಸರಿಗೊಂದು ಖಾಲಿ ಜಾಗ.
ಧಣಿಯ ಹಳೇ ಬೋಟಿನವರನ್ನೇ ಮೇಸ್ತ್ರಿ ತುಂಬಿಸತೊಡಗಿದರು:
ತಾಂಡೇಲ ಜಲಂಧರ ಮೆಂಡನ್, ಇಂಜಿನಿನ ವಿಠಲ ಕುಂದರ್,
ಅವನ ಭಾವ, ಕೊಡವೂರಿನ ಇಬ್ಬರು, ಅಡುಗೆಯ ದೂಮಣ್ಣ
(“ಅವನಿಗೆ ತೊಂಬತ್ತು ಕಿಲೋ ಹಾಕು, ಕಮ್ಮಿಯಾಗುವುದು ಬೇಡ”),
ಹೀಗೆ ಹದಿನೆಂಟಕ್ಕೆ ಬಂದು ನಿಂತರು.
“ಮತ್ತೆ ಹನ್ನೆರಡು ಒಡಿಶಾ, ಜಾರ್ಖಂಡ್. ಹುಡುಗರು.”
ಹೆಸರು?
“ನಾವು ಏ ಭಾಯಿ ಅಂತ ಕರೆಯುವುದು.”

ಬಲೆಗೆ ಆರು ಟನ್ನು ಬೂತಾಯಿ ತೂಗಿಸಿದೆ.
ಬೋಟು ಎಡಕ್ಕೆ ವಾಲಿತು: ನಾಲ್ಕು, ಏಳು, ಹನ್ನೊಂದು ಡಿಗ್ರಿ,
ಅಲ್ಲೇ ಉಸಿರು ಹಿಡಿದು ನಿಂತಿತು.
ಹನ್ನೆರಡು ಚುಕ್ಕೆ ತೆಗೆದು ನೋಡಿದೆ. ಹತ್ತು.
ಮತ್ತೆ ಇಟ್ಟೆ. ಹನ್ನೊಂದು.
ಒಂದು ಡಿಗ್ರಿ ಅವರದ್ದು.
ಮೇಸ್ತ್ರಿ ಕನ್ನಡಕ ಕೆಳಗಿಳಿಸಿ, ಒರೆಸಿ, ಪುನಃ ಹಣೆಗೇರಿಸಿದರು.

ಬ್ಯಾಂಕಿಗೆ ಹೋದದ್ದು ಎಂಟು ಗಂಟೆಯ ಬೋಟು,
ಒಂದು ನರಪಿಳ್ಳೆ ಇಲ್ಲದ್ದು, ಈಜುಕೊಳದ ನೀರಿನದ್ದು.
ಒಂಬತ್ತನೇ ಪಕ್ಕೆ ಇನ್ನೂ ತಿದ್ದುತ್ತಿದ್ದೇನೆ.
ಇವತ್ತು ಬೆಳಗಿನ ಜಾವ ಮೂರೂವರೆಗೆ ಫೋನು,
ಮಲ್ಪೆಯ ದಕ್ಕೆಯಿಂದ. ಇಂಜಿನುಗಳ ನಡುವೆ
ಐಸ್ ಪುಡಿ ಮಾಡುವ ಸದ್ದಿನ ನಡುವೆ ಮೇಸ್ತ್ರಿಯ ಗಂಟಲು:
“ಬರ್ಕೊ. ಹತ್ತೊಂಬತ್ತು, ಸುಕ್ರಾ.
ಇಪ್ಪತ್ತು... ಏ ಭಾಯಿ, ನಾಮ್ ಕ್ಯಾ? ಜೋರ್ ಸೆ,
ಜೋರ್ ಸೆ ಬೋಲೋ, ಅಲ್ಲಿ ಕೇಳುವುದಿಲ್ಲ.”